ಸದ್ದಿಲ್ಲದೆ ಬಂದ ನೆಂಟ

ನಮ್ಮ ಕೊಪ್ಪ ಸೀಮೆಯಲ್ಲಿ ಗಾಡಿಯನ್ನು ಮೊದಲು ನೋಡುವುದು ಕಿವಿ, ಕಣ್ಣು ಆಮೇಲೆ. ಡಾಂಬರು ರಸ್ತೆಯಿಂದ ಮನೆ ಅರ್ಧ ಮೈಲಿ ಒಳಗೆ, ನಡುವೆ ಅಡಿಕೆ ತೋಟ, ಅದರಾಚೆ ಒಂದು ಏರು. ಏರಿನ ಬುಡದಲ್ಲಿ ಜೀಪು ಗೇರು ಬದಲಿಸಿ ಒಮ್ಮೆ ಕೆಮ್ಮಿದರೆ ಸಾಕು, ಅದು ಯಾರದು, ಒಳಗೆ ಎಷ್ಟು ಜನ, ಹಿಂದೆ ಗೊಬ್ಬರದ ಮೂಟೆ ಇದೆಯೋ ಇಲ್ಲವೋ ಎಂಬುದನ್ನೆಲ್ಲ ನಮ್ಮಪ್ಪ ಕೂತಲ್ಲೇ ಹೇಳುತ್ತಿದ್ದರು. ಜೀಪು ದಣಪೆ ಮುಟ್ಟುವಷ್ಟರಲ್ಲಿ ಅವರು ಬೈರಾಸು ಬಿಟ್ಟು ಪಂಚೆ ಉಟ್ಟಿರುತ್ತಿದ್ದರು, ಒಳಗೆ ಕಾಫಿಗೆ ನೀರು ಕುದಿಯುತ್ತಿತ್ತು.

ಬಸ್ಸಿನ ಕಥೆಯೂ ಅಷ್ಟೇ. ಶಂಕರ್ ಟ್ರಾನ್ಸ್‌ಪೋರ್ಟಿನ ಕೆಲಸಗಾರರೇ 1991ರಲ್ಲಿ ಕೂಡಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆಯ ಹಾರನ್ನಿಗೆ ಗಡಿಯಾರ ತಿದ್ದಿಕೊಂಡ ಮನೆಗಳು ಎಷ್ಟೋ. ಹಾಲಿಗೆ ಹೆಪ್ಪು ಹಾಕುವುದಕ್ಕೆ ನಮ್ಮತ್ತೆಗೆ ಸಂಜೆಯ ಬಸ್ಸಿನ ಸದ್ದೇ ಗುರುತು. 2020ರಲ್ಲಿ ಆ ಬಸ್ಸುಗಳು ನಿಂತಾಗ ನಮ್ಮ ಮನೆಯಲ್ಲಿ ಒಂದು ವಾರ ಮಜ್ಜಿಗೆಯಿರಲಿಲ್ಲ.

ಇಂಥ ಮನೆಗೆ ಅಕ್ಕನ ಮಗ ಬೆಂಗಳೂರಿನಿಂದ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ. ಬಂದ ಅನ್ನುವುದಕ್ಕಿಂತ ಪ್ರತ್ಯಕ್ಷನಾದ ಅನ್ನಬೇಕು. ನಾನು ಜಗುಲಿಯಲ್ಲಿ ಬರೀ ಬೈರಾಸಿನಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಅಂಗಳದಲ್ಲಿ ದೋಣಿಯಂಥದೊಂದು ಕಾರು, ಅದರೊಳಗಿನಿಂದ ನನ್ನನ್ನೇ ನೋಡುತ್ತಿರುವ ಹೊಸ ಬೀಗರು! ಎದ್ದು ಓಡುವುದೋ ಕೂತೇ ಕೈಮುಗಿಯುವುದೋ ತಿಳಿಯಲಿಲ್ಲ. ಮನೆ ಕಾಯುವ ಕರಿಯ ಬೊಗಳುವುದನ್ನು ಮರೆತು ಕಾರನ್ನೂ ನನ್ನನ್ನೂ ನೋಡಿ, ಸೌದೆ ಕೊಟ್ಟಿಗೆಯ ಹಿಂದೆ ಹೋಗಿ ಮಲಗಿದವನು ರಾತ್ರಿ ಊಟಕ್ಕೂ ಬರಲಿಲ್ಲ.

ಕಾರಿಗೆ 280 ಕುದುರೆಯ ಶಕ್ತಿಯಂತೆ. "ಅಷ್ಟಕ್ಕೂ ಹುಲ್ಲು?" ಎಂದರು ಅತ್ತೆ. ಹುಲ್ಲಿನ ಪ್ರಶ್ನೆ ರಾತ್ರಿಗೇ ಎದ್ದಿತು. ಬ್ಯಾಟರಿ ಹಿಡಿಯುವುದು 79 ಯೂನಿಟ್. ನಮ್ಮ ಮನೆಯ ಒಂದು ತಿಂಗಳ ಕರೆಂಟೂ ಹೆಚ್ಚುಕಡಿಮೆ ಅಷ್ಟೇ. 15 ಆಂಪಿಯರ್ ಪಾಯಿಂಟು ಇರುವುದು ಅಡಿಕೆ ಸುಲಿಯುವ ಯಂತ್ರದ ಹತ್ತಿರ ಮಾತ್ರ. ಅಲ್ಲಿಂದ ಗಂಟೆಗೆ ಮೂರು ಯೂನಿಟ್ಟಿನಂತೆ ಹೀರಿದರೂ ಪೂರ್ತಿ ತುಂಬಲು ಒಂದು ಹಗಲು, ಒಂದು ರಾತ್ರಿ, ಮೇಲೆ ಕಾಫಿಯ ಹೊತ್ತು. ಸುಲಿಯುವ ಯಂತ್ರ ನಿಲ್ಲಿಸಿದೆವು. ಗೃಹಜ್ಯೋತಿಯ ಉಚಿತ ಲೆಕ್ಕ ಈ ತಿಂಗಳು ಏನಾಗುತ್ತದೋ ಎಂದು ನಾನು ಒಳಗೊಳಗೇ ಕೂಡಿಸಿ ಕಳೆಯುತ್ತಿರುವಾಗ ಎಲ್ಲೋ ಮರ ಬಿದ್ದು ಕರೆಂಟೇ ಹೋಯಿತು. ಕುದುರೆಗಳು ಉಪವಾಸ ಮಲಗಿದವು.

ಮರುದಿನ ಅಕ್ಕನ ಮಗನಿಗೆ ವೇಗ ತೋರಿಸುವ ಉಮೇದು. ಹರಿಹರಪುರದ ಮೇಲೆ ಶೃಂಗೇರಿಗೆ ಹೋಗಿ ಶಾರದೆಗೆ ಕೈಮುಗಿದು ಬಂದದ್ದಾಯಿತು. ಆ ದಾರಿಯಲ್ಲಿ ನೆಟ್ಟಗಿನ ರಸ್ತೆ ಹುಡುಕುವುದೆಂದರೆ ಹಲಸಿನ ಹಣ್ಣಿನಲ್ಲಿ ಮೇಣವಿಲ್ಲದ ಜಾಗ ಹುಡುಕಿದಂತೆ. ಕೊನೆಗೆ ನರಸಿಂಹರಾಜಪುರದ ಕಡೆ ಒಂದಿಷ್ಟು ನೆಟ್ಟಗಿನ ದಾರಿ ಸಿಕ್ಕಿತು. ಒತ್ತಿದ. ನನ್ನ ಬೆನ್ನು ಸೀಟಿಗೆ ಅಂಟಿತು, ಬಾಯಲ್ಲಿದ್ದ ಕವಳ ಗಂಟಲಿಗೆ ಇಳಿಯಿತು, ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಯಾವುದೋ ದೇವರಿಗೆ ಹರಕೆ ಹೊತ್ತಳು. "ಸೊನ್ನೆಯಿಂದ ನೂರಕ್ಕೆ ಆರು ಚಿಲ್ಲರೆ ಸೆಕೆಂಡು ಮಾವ!" ಎಂದ. ಆರು ಪೂರ್ತಿಯಾಗುವ ಮೊದಲೇ ಎಮ್ಮೆ ಬಂತು.

ಕವಳ ನುಂಗಿದ ಕೋಪ ಇಳಿದ ಮೇಲೆ ಯೋಚಿಸಿದೆ. ಇದರಲ್ಲಿ ಹೊಸತೇನೂ ಇಲ್ಲ. ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೊಟ್ಟಮೊದಲ ಕಾರೇ ಬ್ಯಾಟರಿಯದು: 1899ರ ಏಪ್ರಿಲ್ 29ರಂದು ಪ್ಯಾರಿಸ್ಸಿನ ಹತ್ತಿರ ಕಮೀಯ್ ಜೆನಾಟ್ಸಿ ಎಂಬವನು ಕೊಳವೆಯಂಥ ಗಾಡಿಯ ಮೇಲೆ ಕೂತು 105.88 ಮುಟ್ಟಿಸಿದ. ಗಾಡಿಗೆ ಅವನಿಟ್ಟ ಹೆಸರಿನ ಅರ್ಥ 'ಎಂದೂ ತೃಪ್ತಳಾಗದವಳು'. ಆಮೇಲೆ ಪೆಟ್ರೋಲು ಗೆದ್ದಿತು. ಎಂಜಿನ್ನಿಗೆ ಬಲ ಬರಬೇಕಾದರೆ ಅದು ಮೊದಲು ಚೆನ್ನಾಗಿ ತಿರುಗಬೇಕು. ಅದಕ್ಕೇ ಗೇರು, ಕ್ಲಚ್ಚು. ಈ ಬಲವನ್ನು ಹದವಾಗಿ ಎಳೆದು ತೆಗೆಯುವ ವಿದ್ಯೆಯನ್ನು ಜರ್ಮನಿ, ಇಟಲಿಯ ದೊಡ್ಡ ಮನೆತನಗಳು ನೂರು ವರ್ಷ ಪಳಗಿಸಿಕೊಂಡವು. ಮೋಟಾರಾದರೋ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಸಾವಿರ ಮದುವೆಗೆ ಅಡಿಗೆ ಮಾಡಿದ ಭಟ್ಟರ ಎದುರು ಯಾರೋ ಹುಡುಗ ರೆಡಿಮೇಡ್ ಪುಡಿ ಕಲಸಿ ಅದೇ ರುಚಿಯ ಸಾರು ಮಾಡಿಬಿಟ್ಟರೆ ಭಟ್ಟರ ಮುಖ ಹೇಗಾದೀತು? ಪೋರ್ಷೆಯವರು 2019ರಲ್ಲಿ 800 ವೋಲ್ಟಿನ ಟೈಕಾನ್ ತಂದರು, ಅದರ ಹಿಂದಿನ ಚಕ್ರಕ್ಕೆ ಎರಡು ಗೇರಿನ ಪೆಟ್ಟಿಗೆಯನ್ನೂ ಇಟ್ಟರು. ಭಟ್ಟರಿಗೆ ಸೌಟು ಬಿಡಲು ಮನಸ್ಸಿಲ್ಲ. 2025ರಲ್ಲಿ ಮೊಬೈಲ್ ಫೋನಿನ ಶಿಯೋಮಿ ಕಂಪನಿ ಕಾರು ಮಾಡಿ, ಅದೇ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸು ದಾರಿಯ ಸುತ್ತನ್ನು ಟೈಕಾನಿಗಿಂತ ಬೇಗ, 7 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿತು.

ನಮ್ಮ ಏರು ಹತ್ತಿದ ಜೀಪಿನ ಮನೆತನವೇನು ಕಡಿಮೆಯೇ? 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ತೊಡಗಿದ ಮಹೀಂದ್ರಾ, 2010ರಲ್ಲಿ ಬ್ಯಾಟರಿ ಕಾರು ಮಾಡುತ್ತಿದ್ದ ಬೆಂಗಳೂರಿನ ರೇವಾ ಕಂಪನಿಯನ್ನು ಕೊಂಡಿತು. ನಮ್ಮ ಹಂಡೆಗಿಂತ ತುಸು ದೊಡ್ಡದಿದ್ದ ಆ ಪುಟ್ಟ ಕಾರು ಲಂಡನ್ನಿನ ಬೀದಿಯಲ್ಲೂ ಓಡಿದ್ದುಂಟು. ಈಗ ಅದೇ ಮಹೀಂದ್ರಾದ ಕಂಪನಿಯೊಂದು ಇಟಲಿಯಲ್ಲಿ ಮಾಡುವ ಬತ್ತಿಸ್ತಾ ಎಂಬ ಕಾರಿಗೆ 1,900 ಕುದುರೆ. ಎರಡು ಸೆಕೆಂಡಿನೊಳಗೆ ನೂರು. ಒಟ್ಟು 150 ಮಾತ್ರ ಮಾಡುತ್ತಾರಂತೆ. ನಮ್ಮ ತಾಲ್ಲೂಕಿಗೆ ಒಂದೂ ಬಾರದಿರಲಿ.

ವೇಗ ಹೀಗೆ ಅಗ್ಗವಾದದ್ದೇ ತಡ, ಹಳೇ ಮನೆತನಗಳಿಗೆ ತಮ್ಮ ಸದ್ದಿನ ನೆನಪಾಯಿತು. ನನಗೆ ಖುಷಿ ಕೊಟ್ಟದ್ದು ಇದು. ಹ್ಯುಂಡೈನ ಅಯಾನಿಕ್ 5 ಎನ್‌ನಲ್ಲಿ ಇಲ್ಲದ ಎಂಜಿನ್ನು ಗುಡುಗುತ್ತದೆ, ಇಲ್ಲದ ಗೇರು ಬದಲಾಗುತ್ತದೆ, ಬದಲಾದಾಗ ಕಾರು ಬೇಕೆಂದೇ ಒಮ್ಮೆ ಜಗ್ಗುತ್ತದೆ. ಬಿಎಂಡಬ್ಲ್ಯು ಸದ್ದಿಗಾಗಿ ಸಿನಿಮಾ ಸಂಗೀತದ ಹಾನ್ಸ್ ಜಿಮ್ಮರ್‌ನನ್ನು ಹಿಡಿಯಿತು, ಮಹೀಂದ್ರಾ ಎ.ಆರ್. ರೆಹಮಾನ್ ಅವರನ್ನು. ಅಮೆರಿಕದ ಡಾಡ್ಜ್ ಕಂಪನಿ ಬ್ಯಾಟರಿ ಕಾರಿಗೆ ಸೈಲೆನ್ಸರಿನಂಥದನ್ನೇ ಕಟ್ಟಿ 126 ಡೆಸಿಬಲ್ ಅಬ್ಬರಿಸುವಂತೆ ಮಾಡಿತು. ಯುರೋಪಿನಲ್ಲಿ ಕಾನೂನೇ ಇದೆ: 2019ರಿಂದ ಹೊಸ ಮಾದರಿಗಳು ಮೆಲ್ಲಗೆ ಹೋಗುವಾಗ ದಾರಿಹೋಕರಿಗೆ ಕೇಳುವಂತೆ ಸದ್ದು ಮಾಡಲೇಬೇಕು. ಬೈರಾಸಿನಲ್ಲಿ ಕೂತವರು ಅಲ್ಲಿಯೂ ಇದ್ದಾರೆಂದು ಕಾಣುತ್ತದೆ.

ಬೀಗರನ್ನು ಉಡುಪಿಗೆ ಬಿಡಲು ಆಗುಂಬೆ ಘಾಟಿ ಇಳಿದೆವು. ಹದಿನಾಲ್ಕು ತಿರುವಿನಲ್ಲೂ ಬ್ರೇಕು ಸುಟ್ಟ ವಾಸನೆಯಿಲ್ಲ. ಇಳಿಯುವಾಗ ಮೋಟಾರೇ ಕಾರನ್ನು ಹಿಡಿದು, ಆ ಬಲವನ್ನು ಕರೆಂಟು ಮಾಡಿ ಒಳಗೆ ತುಂಬುತ್ತದೆ. ಸೋಮೇಶ್ವರ ಮುಟ್ಟಿದಾಗ ಬ್ಯಾಟರಿಯ ಅಂಕ ಎರಡು ಹೆಚ್ಚಿತ್ತು. ಇಳಿಯುವ ಪ್ರಯಾಣಿಕನಿಗೆ ಕಂಡಕ್ಟರು ಚಿಲ್ಲರೆಗಿಂತ ಜಾಸ್ತಿ ಕೊಟ್ಟಂತೆ! ಆ ಕ್ಷಣ ಮಾತ್ರ ನನಗೂ ಅಂಥದೊಂದು ಬೇಕೆನಿಸಿದ್ದು ಸುಳ್ಳಲ್ಲ.

ಹೊರಡುವಾಗ ಅವನಿಗೆ ಒಂದೇ ಮಾತು ಹೇಳಿದೆ: "ಮುಂದಿನ ಸಲ ಏರಿನ ಬುಡದಲ್ಲೇ ಏನಾದರೂ ಸದ್ದು ಮಾಡು ಮಾರಾಯ." ದೀಪಾವಳಿಗೆ ಬಂದ. ಮಾತು ಮರೆತಿರಲಿಲ್ಲ. ಕಿಟಕಿ ಇಳಿಸಿ, ಪರದೆಯ ಮೇಲೆ ಏನೋ ಒತ್ತಿ, ರೇಸು ಕಾರಿನ ಗುಡುಗನ್ನು ಪೂರ್ತಿ ಏರಿಸಿಕೊಂಡೇ ತೋಟ ದಾಟಿದ. ನಾನು ಪಂಚೆಗೆ ಓಡಿದೆ. ಕರಿಯ ಎದೆಯುಬ್ಬಿಸಿ ಬೊಗಳಿದ. ಅತ್ತೆ ಒಲೆಯ ಮುಂದೆ ಕಿವಿಗೊಟ್ಟು ಕೂತವರು, "ಯಾರದೋ ಸೈಲೆನ್ಸರು ತೂತಾಗಿದೆ, ಪಾಪ, ರಿಪೇರಿಯವನಿರಬೇಕು" ಎಂದು ಕಾಫಿಗೆ ಒಂದೇ ಲೋಟ ನೀರಿಟ್ಟರು.