ಬೆವರುಸಾಲೆ ಮತ್ತು ಪುಸ್ತಕದ ಪಟ್ಟಿ

ಏಪ್ರಿಲ್ ಬಂತೆಂದರೆ ಪುಸ್ತಕಪ್ರೇಮಿಗೆ ಎರಡು ಕಾಯಿಲೆ: ಒಂದು ಬೆವರುಸಾಲೆ, ಇನ್ನೊಂದು ರಜೆಯಲ್ಲಿ ಓದಬೇಕಾದ ಪುಸ್ತಕಗಳ ಪಟ್ಟಿ. ಮೊದಲನೆಯದು ಮಳೆ ಬಿದ್ದರೆ ಹೋಗುತ್ತದೆ.

ಪಟ್ಟಿ ಇಷ್ಟು ಬೆಳೆದದ್ದರಲ್ಲಿ ಇಂಗ್ಲೆಂಡಿನ ಪ್ರಕಾಶಕ ಅಲೆನ್ ಲೇನ್ ಪಾಲೂ ಇದೆ. ರೈಲು ನಿಲ್ದಾಣದಲ್ಲಿ ಓದಲು ಒಳ್ಳೆಯದೇನೂ ಸಿಗದೆ ಆತ ಬೇಸತ್ತನಂತೆ. 1935ರಲ್ಲಿ ಪೆಂಗ್ವಿನ್ ಹೆಸರಿನಲ್ಲಿ ಹತ್ತು ಪೇಪರ್‌ಬ್ಯಾಕ್‌ಗಳನ್ನು ತಲಾ ಆರು ಪೆನ್ನಿಗೆ ಮಾರಾಟಕ್ಕಿಟ್ಟ. ಆಗ ಹತ್ತು ಸಿಗರೇಟಿನ ಪ್ಯಾಕಿಗೂ ಅದೇ ಬೆಲೆ. ಪುಸ್ತಕ ಯಾವ ಚಟದ ಸಾಲಿಗೆ ಸೇರಿದ್ದೆಂದು ಮನೆಯವರಿಗೆ ಆಗಲೇ ಹೊಳೆಯಬೇಕಿತ್ತು.

ಕನ್ನಡದ ಓದುಗ ಮಲೆನಾಡಿನ ತಂಪು ನಂಬಿ, ಮಧ್ಯಾಹ್ನ ಅಂಗಾತ ಮಲಗಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಎತ್ತಿಕೊಳ್ಳುತ್ತಾನೆ. ಮಹಾಕೃತಿಯೇ, ಸಂಶಯವಿಲ್ಲ. ಆದರೆ ಜೊಂಪು ಹತ್ತಿ ಆ ದಪ್ಪ ಪುಸ್ತಕ ಕೈಜಾರಿದರೆ ಮೂಗಿಗೆ ವಿಮೆ ಬೇಕು! ಅಂಥವರಿಗೆ ಕುವೆಂಪು ಅವರ ಮಗ ತೇಜಸ್ವಿಯವರ ‘ಕರ್ವಾಲೊ’ ಕ್ಷೇಮ. ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ನುಗ್ಗಿದರೆ ಸಂಜೆಯ ಕಾಫಿಯೂ ಮರೆತುಹೋಗುತ್ತದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇನ್ನೂ ತುಂಟ ಪುಸ್ತಕ. ವಿದ್ಯಾರ್ಥಿಗಳ ಕಾಡಿನ ಅಲೆದಾಟಕ್ಕೆ ನಗುತ್ತಿರುವಾಗಲೇ ಸಸ್ಯಶಾಸ್ತ್ರ ಸದ್ದಿಲ್ಲದೆ ತಲೆಗೆ ಇಳಿದಿರುತ್ತದೆ. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೊಸದೇ ಬೇಕೆನ್ನುವವರಿಗೆ, 2025ರ ಅಂತರರಾಷ್ಟ್ರೀಯ ಬೂಕರ್ ಗೆದ್ದ ‘ಹಾರ್ಟ್ ಲ್ಯಾಂಪ್’ ಇದೆ. ಬಾನು ಮುಷ್ತಾಕರ ಹನ್ನೆರಡು ಕಥೆಗಳು, ದೀಪಾ ಭಾಸ್ತಿಯವರ ಅನುವಾದ. ಮೂಲ ಕನ್ನಡದಲ್ಲೇ ಇರುವಾಗ ಇಂಗ್ಲಿಷ್ ಪ್ರತಿ ಕೊಂಡು ಫೋಟೊ ಹಾಕುವವರಿಗೆ ಏನು ಹೇಳೋಣ?

ಯಾವುದನ್ನಾದರೂ ಕೊಳ್ಳಿ, ರಜೆಗೆ ಬಂದ ನೆಂಟರು ‘ಓದಿ ಕೊಡ್ತೀನಿ’ ಎನ್ನುವ ಮೊದಲು ಮುಗಿಸಿಬಿಡಿ.