ಫ್ಲೆಕ್ಸಿಬಲ್ ಟೈಮಿಂಗ್ಸ್ ಅವರ ಸನ್ನಿಧಾನಕ್ಕೆ ಒಂದು ಬಿನ್ನಹ

ಮಹಾರಾಜಶ್ರೀ ಫ್ಲೆಕ್ಸಿಬಲ್ ಟೈಮಿಂಗ್ಸ್ ಅವರಿಗೆ, ಮುಡುಕುತೊರೆಯಿಂದ ತಮ್ಮ ಆಶ್ರಯದಲ್ಲಿ ಬದುಕುತ್ತಿರುವ ತಾಯಿಯೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಇತ್ತ ಮಗಳು, ಅವ್ವ, ನಾನು ಕ್ಷೇಮ. ತಮ್ಮ ಕ್ಷೇಮವನ್ನು ದಿನವೂ ಬೇಡಿಕೊಳ್ಳುತ್ತೇನೆ. ತಮಗೆ ಏನಾದರೂ ಆದರೆ ನನ್ನ ಉದ್ಯೋಗ ಉಳಿಯುವುದಿಲ್ಲ.

ಮೊದಲು ಋಣ ಒಪ್ಪಿಕೊಳ್ಳುತ್ತೇನೆ. ತಾವು ಕೈಹಿಡಿಯದಿದ್ದರೆ ನಾನು ಹೆರಿಗೆ ರಜೆ ಮುಗಿದ ಮರುದಿನವೇ ಹಸುಗೂಸನ್ನು ಬಿಟ್ಟು ಬೆಂಗಳೂರಿನ ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಕೂತಿರಬೇಕಿತ್ತು, ಇಲ್ಲವೇ ರಾಜೀನಾಮೆ ಬರೆದುಕೊಡಬೇಕಿತ್ತು. ಎರಡೂ ಆಗಲಿಲ್ಲ. ತವರಿಗೆ ಬಂದೆ. ಬೆಟ್ಟದ ಮೇಲಿನ ಮಲ್ಲಿಕಾರ್ಜುನನ ಗಂಟೆ ಕೇಳಿಸುವ ಮನೆಯಲ್ಲಿ ಮಗಳಿಗೆ ಹಾಲೂಡಿಸಿಕೊಂಡು ಬೆಂಗಳೂರಿನ ಸಂಬಳ ಎಣಿಸಿದೆ. ನಮ್ಮ ಬೀದಿಯಲ್ಲಿ ಇಷ್ಟು ಸಂಬಳದವರು ಬೇರೆ ಯಾರೂ ಇಲ್ಲ. ಆದ್ದರಿಂದಲೇ ನನ್ನ ಕಷ್ಟ ಹೇಳಿಕೊಂಡರೆ ಕೇಳುವವರೂ ಇಲ್ಲ. 'ಮನೇಲೇ ಕೂತು ಲಕ್ಷಗಟ್ಟಲೆ ತಗೋತೀಯ, ಇನ್ನೇನವ್ವ ನಿಂಗೆ' ಎನ್ನುತ್ತಾರೆ. ತಮ್ಮಲ್ಲಿ ಹೇಳಿಕೊಳ್ಳದೆ ಇನ್ನಾರಲ್ಲಿ ಹೇಳಿಕೊಳ್ಳಲಿ?

ತಾವು ಕಾನೂನಿನೊಳಗೆ ಕಾಲಿಟ್ಟ ಬಗೆಯನ್ನು ನಾನು ಓದಿದ್ದೇನೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂತು. ಮೊದಲೆರಡು ಮಕ್ಕಳಿಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಜನ ದುಡಿಯುವ ಜಾಗದಲ್ಲಿ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು ಎಂದಾಯಿತು. ಇವೆಲ್ಲ ಗಟ್ಟಿ ಮಾತು, ಲೆಕ್ಕವಿರುವ ಮಾತು. ತಮ್ಮ ವಿಷಯಕ್ಕೆ ಬಂದಾಗ ಮಾತ್ರ ಕಾಯ್ದೆಯ ದನಿ ಮೆತ್ತಗಾಯಿತು. ರಜೆ ಮುಗಿದ ಮೇಲೆ, ಕೆಲಸದ ಸ್ವರೂಪಕ್ಕೆ ಒಗ್ಗುವುದಾದರೆ, ಮಾಲೀಕರೂ ಹೆಣ್ಣುಮಗಳೂ ಪರಸ್ಪರ ಒಪ್ಪಿಕೊಂಡ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಬಹುದಂತೆ. ಬಾಣಂತನದಿಂದ ಆಗತಾನೆ ಎದ್ದವಳು ಕಂಪನಿಯ ಎದುರು ಕೂತು ಯಾವ ಷರತ್ತಿಗೆ ಅವರನ್ನು ಒಪ್ಪಿಸಬಲ್ಲಳು, ಮಾನ್ಯರೇ? ಅವರು ಹೇಳಿದ್ದಕ್ಕೆ ನಾನು ಹೂಂ ಎಂದೆ. ಅದೇ ನಮ್ಮ ಪರಸ್ಪರ ಒಪ್ಪಿಗೆ.

ತಮ್ಮ ಹಸಿರು ಚುಕ್ಕೆಯ ಬಗ್ಗೆ ಎರಡು ಮಾತು. ಆಫೀಸಿನ ಚಾಟ್‌ನಲ್ಲಿ ನನ್ನ ಹೆಸರಿನ ಪಕ್ಕ ಅದು ಹಸಿರಾಗಿದ್ದರೆ ನಾನು ಕೆಲಸದಲ್ಲಿದ್ದೇನೆ ಎಂದರ್ಥ. ಸ್ವಲ್ಪ ಹೊತ್ತು ಕೀಲಿ ಮುಟ್ಟದಿದ್ದರೆ ಹಳದಿಗೆ ತಿರುಗುತ್ತದೆ. ಮಗಳಿಗೆ ಅನ್ನ ಕಲಸಿ ತಿನ್ನಿಸುವಾಗ ಬಲಗೈ ಅನ್ನದಲ್ಲಿ, ಎಡಗೈ ಮೌಸಿನ ಮೇಲೆ. ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ದಿನ ಎರಡು ಕೈಯೂ ಬೇಕಲ್ಲ? ಆಗ ಅವ್ವ ಬಂದು ಕೂರುತ್ತಾಳೆ. ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದೇ ಬೆರಳಿನಲ್ಲಿ ಮೌಸನ್ನು ಅತ್ತ ಇತ್ತ ಸರಿಸುತ್ತ, 'ಹಸುರೇ ಅದೆ ಕಣವ್ವ, ನೀನು ನಿಧಾನುಕ್ಕೆ ಉಯ್ಯಿ' ಎಂದು ಬಚ್ಚಲಿನ ಕಡೆ ಕೂಗುತ್ತಾಳೆ. ಕೊಟ್ಟ ಕೆಲಸವನ್ನು ನಾನು ಒಂದು ದಿನವೂ ಬಾಕಿ ಇಟ್ಟಿಲ್ಲ. ತಾವು ನೋಡುವುದು ಕೆಲಸವನ್ನೋ ಚುಕ್ಕೆಯನ್ನೋ ಎಂದು ಕೇಳುವ ಧೈರ್ಯವನ್ನು ಇಂದು ಮಾಡುತ್ತಿದ್ದೇನೆ.

ವೇಳೆ ನನ್ನ ಇಷ್ಟದ್ದು ಎಂದು ತಾವು ಅಭಯ ಕೊಟ್ಟಿದ್ದಿರಿ. ನಮ್ಮ ಕ್ಲೈಂಟು ಅಮೆರಿಕದ ಪೂರ್ವ ತೀರದವರು. ಅವರ ಬೆಳಗಿನ 11 ಗಂಟೆಯ ಮೀಟಿಂಗು ಬೇಸಿಗೆಯಲ್ಲಿ ನಮಗೆ ರಾತ್ರಿ 8.30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ಅದು 9.30 ಆಗುತ್ತದೆ. ಮಗಳು ನಿದ್ದೆಗೆ ತೊಡೆ ಹುಡುಕುವ ಹೊತ್ತು ಸರಿಯಾಗಿ ಅದೇ. ಮಾರ್ಚ್ ಬರುವವರೆಗೆ ಅವಳು ಅಜ್ಜಿಯ ತೊಡೆಯ ಮೇಲೆ ಮಲಗುತ್ತಾಳೆ. ಬಾಗಿದ್ದು ನನ್ನ ವೇಳೆ, ಅವ್ವನ ವೇಳೆ. ಅವರ 11 ಗಂಟೆ 11ರಲ್ಲೇ ನೆಟ್ಟಗೆ ನಿಂತಿದೆ.

ಅವ್ವನ ಮಾತು ಬಂತು. ತಮ್ಮ ಕಡತಗಳಲ್ಲಿ ಅವಳ ಹೆಸರು ಎಲ್ಲೂ ಇಲ್ಲವಾದ್ದರಿಂದ ಪರಿಚಯಿಸುತ್ತೇನೆ. ನನ್ನ ಹುದ್ದೆಯ ಅರ್ಧ ಕೆಲಸ ಅವಳದ್ದು. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಸರಿ ಹಿಟ್ಟು ಮಾಡಿದವಳು, ಜ್ವರ ಬಂದ ರಾತ್ರಿ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಡುಮನೆಯಲ್ಲಿ ಓಡಾಡಿದವಳು. ಅವಳ ಮಂಡಿ ನೋವಿಗೆ ಮೈಸೂರಿನಲ್ಲಿ ತೋರಿಸಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಬಸ್ಸಿದೆ, ಟಿಕೆಟ್ಟಿಗೆ ದುಡ್ಡು ಬೇಡ, ಹೋಗಲು ಅವಳಿಗೆ ಬಿಡುವಿಲ್ಲ. ಮಾಘ ಮಾಸದ ಜಾತ್ರೆಯಲ್ಲಿ ಊರೆಲ್ಲ ತೇರಿನ ಹಿಂದೆ ಇದ್ದಾಗಲೂ ಅವಳು ಮೊಮ್ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತು ಕೈಮುಗಿದಳು. ಒಳಗೆ ನಾನು ಮೀಟಿಂಗಿನಲ್ಲಿದ್ದೆ.

ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ. ತಮಗೆ ತಿಳಿದಿರಲಿ, ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದ ದಿನ, 1975ರ ಅಕ್ಟೋಬರ್ 2ರಂದು, ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕನ್ನೇ. 100 ಅಂಗನವಾಡಿಗಳಿಂದ ಆರಂಭ. ತಾವು ಇಲ್ಲಿಗೆ ಕಾಲಿಡುವುದಕ್ಕೆ ಎಷ್ಟೋ ಮೊದಲೇ ಈ ಸೀಮೆಯ ನಾಟಿ ಹಾಕುವ, ಕಳೆ ಕೀಳುವ ತಾಯಂದಿರ ಮಕ್ಕಳನ್ನು ಅದು ಕೂರಿಸಿಕೊಂಡು ಉಣ್ಣಿಸಿತು. ಇಂದು ನನ್ನ ಮಗಳಿಗೆ ಹಾಡು ಕಲಿಸಿ, ಉಣ್ಣಿಸಿ, ಮೂಗು ಒರೆಸಿ ಕಳಿಸುವ ಟೀಚರಮ್ಮನಿಗೆ ಸರ್ಕಾರ ಕೊಡುವುದು ಗೌರವಧನ, ಸಂಬಳವಲ್ಲ. ಅವರಿಗೂ ಮಕ್ಕಳಿದ್ದಾರೆ. ಅವ್ವನಿಗೆ ಗೌರವಧನವೂ ಇಲ್ಲ. ಇವರಿಬ್ಬರ ಹೊತ್ತಿನ ಮೇಲೆ ನನ್ನ ದೊಡ್ಡ ಸಂಬಳ ನಿಂತಿದೆ. ತಾವು ಕೊಟ್ಟೆ ಎಂದು ಹೇಳಿಕೊಳ್ಳುವ ಔದಾರ್ಯವನ್ನು ನಿಜವಾಗಿ ಕೊಟ್ಟವರು ಅವರು.

ನನ್ನ ಚಿಕ್ಕಮ್ಮ ನರಸೀಪುರದ ರೇಷ್ಮೆ ಫಿಲೇಚರಿನಲ್ಲಿ ನೂಲು ತೆಗೆಯುತ್ತಿದ್ದರು. ಕೈಗೆ ರೇಷ್ಮೆಹುಳುವಿನ ವಾಸನೆ ಅಂಟಿಕೊಂಡು ಮನೆಗೆ ಬರುತ್ತಿತ್ತು, ಕೆಲಸ ಬರುತ್ತಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದಿತ್ತು. ನನ್ನ ದಿನದಲ್ಲಿ ಆ ಗೆರೆ ಕಾಣುವುದಿಲ್ಲ. ಕೆಲಸದ ವೇಳೆ, ಪಾಳಿ, ರಜೆ ಇವನ್ನು ಬರೆದು ತೋರಿಸಬೇಕೆನ್ನುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ನಮ್ಮ ರಾಜ್ಯ ಐಟಿ ಕಂಪನಿಗಳನ್ನು ಹೊರಗಿಟ್ಟಿತು. 2024ರ ಜೂನ್‌ನಲ್ಲಿ ಆ ವಿನಾಯಿತಿಯನ್ನು ಮತ್ತೆ 5 ವರ್ಷ ಮುಂದುವರಿಸಿತು. ಅದಕ್ಕೂ ಮುಂಚೆ, 2023ರ ಅಕ್ಟೋಬರಿನಲ್ಲಿ, ಎನ್.ಆರ್. ನಾರಾಯಣ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಹಿರಿಯರು, ಅವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಆ 70 ಗಂಟೆ ದುಡಿಯುವವರ ಮಗುವನ್ನು ಯಾರು ನೋಡಿಕೊಳ್ಳಬೇಕು ಎನ್ನುವುದೇ ನನ್ನ ಪ್ರಶ್ನೆ.

ಬಡ್ತಿಯ ವಿಚಾರಕ್ಕೂ ತಮ್ಮ ಗಮನ ಸೆಳೆಯಬೇಕು. 'ನೀವು ಫ್ಲೆಕ್ಸಿಯಲ್ಲಿದ್ದೀರಲ್ಲ ಮೇಡಂ, ಈ ಸಲ ಬೇಡ, ನಿಮಗೇ ಭಾರ' ಎಂದು ಮೇಲಿನವರು ಬಹಳ ಮರ್ಯಾದೆಯಿಂದ ಹೇಳಿದರು. ಭಾರ ಹೊರಬಲ್ಲೆನೋ ಇಲ್ಲವೋ ಎಂದು ನನ್ನನ್ನು ಕೇಳಲಿಲ್ಲ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಹಾರ್ವರ್ಡ್‌ನ ಕ್ಲಾಡಿಯಾ ಗೋಲ್ಡಿನ್ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದಾರೆ. ಕೆಲವು ಉದ್ಯೋಗಗಳು ಹೊಟ್ಟೆಬಾಕ. ಕರೆದಾಗಲೆಲ್ಲ ಓಡಿಬರುವವರಿಗೆ ಅವು ಗಂಟೆಯ ಲೆಕ್ಕ ಮೀರಿ ಕೊಡುತ್ತವೆ. ಆದ್ದರಿಂದ ಗಂಡ ಹೆಂಡತಿಯಲ್ಲಿ ಒಬ್ಬರು ಅಲ್ಲಿಗೆ ಓಡುತ್ತಾರೆ, ಇನ್ನೊಬ್ಬರು, ಹೆಚ್ಚಾಗಿ ತಾಯಿ, ತಮ್ಮ ಪಾದ ಹಿಡಿಯುತ್ತಾಳೆ. ಅಮೆರಿಕದ ಔಷಧಿ ಅಂಗಡಿಗಳಲ್ಲಾದರೋ ಗಂಡು ಹೆಣ್ಣಿನ ಸಂಬಳದ ಅಂತರ ತೀರ ಸಣ್ಣದು ಎಂದೂ ಅವರು ಕಂಡರು. ಅಲ್ಲಿ ಗಿರಾಕಿಯ ವಿವರವೆಲ್ಲ ಕಂಪ್ಯೂಟರಿನಲ್ಲಿ ಇರುವುದರಿಂದ ಒಬ್ಬ ಫಾರ್ಮಸಿಸ್ಟ್ ಎದ್ದುಹೋದರೆ ಇನ್ನೊಬ್ಬರು ಬಂದು ಕೂರಬಹುದು, ಕಡಿಮೆ ಗಂಟೆ ದುಡಿದವರಿಗೆ ಗಂಟೆಯ ಕೂಲಿ ಕಡಿಮೆಯಾಗುವುದಿಲ್ಲ. ನಮ್ಮ ನಾಲೆಯಲ್ಲೂ ಹೀಗೆಯೇ. ಒಬ್ಬ ನೀರುಗಂಟಿ ಮಲಗಿದರೆ ಇನ್ನೊಬ್ಬ ತೂಬು ಎತ್ತುತ್ತಾನೆ, ಗದ್ದೆಗೆ ನೀರು ನಿಲ್ಲುವುದಿಲ್ಲ. ನನ್ನ ಕೆಲಸ ಪೂರ್ತಿ ಕಂಪ್ಯೂಟರಿನಲ್ಲೇ ಇದೆ. ಆದರೂ ಒಂದು ಸಂಜೆ ಅದನ್ನು ಇನ್ನೊಬ್ಬರಿಗೆ ಒಪ್ಪಿಸಿ ಏಳುವ ಏರ್ಪಾಟು ತಮ್ಮಲ್ಲಿ ಯಾಕಿಲ್ಲ?

ಆದ್ದರಿಂದ ತಮ್ಮಲ್ಲಿ ಕಳಕಳಿಯ ಬಿನ್ನಹ. ನನ್ನ ವೇಳೆ ಯಾವಾಗ ಶುರು, ಯಾವಾಗ ಮುಗಿತಾಯ ಎಂದು ಬರೆದುಕೊಡಿ. ಮುಗಿದ ಮೇಲೆ ಬಂದ ಕರೆಗೆ ಉತ್ತರಿಸದಿದ್ದರೆ ತಪ್ಪಲ್ಲವೆಂದೂ ಅದೇ ಹಾಳೆಯಲ್ಲಿ ಬರೆಯಿರಿ. ಫ್ರಾನ್ಸ್ ದೇಶ 2017ರಿಂದಲೇ 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಂಪನಿಗಳು ಈ ಮಾತನ್ನು ಕೆಲಸಗಾರರೊಂದಿಗೆ ಕೂತು ಆಡಲೇಬೇಕೆಂದು ಕಾನೂನು ಮಾಡಿದೆ.

ಕೊನೆಯ ಮಾತು ನನ್ನ ಯಜಮಾನರದ್ದು. ಕೇಂದ್ರ ಸರ್ಕಾರದ ನೌಕರನಿಗೆ 15 ದಿನದ ಪಿತೃತ್ವ ರಜೆ ಇದೆ. ಖಾಸಗಿ ಕಂಪನಿಯ ಅಪ್ಪನಿಗೆ ಕಾಯ್ದೆ ಒಂದು ದಿನವನ್ನೂ ಕೊಟ್ಟಿಲ್ಲ. ಅವರ ಬೆಂಗಳೂರಿನ ಆಫೀಸಿನಲ್ಲೂ ತಾವು ಇದ್ದೀರಿ. ಅಲ್ಲಿ ಅವರು ತಮ್ಮನ್ನು ಕೇಳಿದಾಗ 'ಮನೇಲಿ ಹೆಂಡ್ತಿ ಇಲ್ವಾ?' ಎಂಬ ಉತ್ತರ ಬಂತು. ಹೆಂಡತಿ ಇದ್ದಾಳೆ, ಈ ಪತ್ರ ಬರೆಯುತ್ತಿರುವವಳು ಅವಳೇ. ವಾರದಲ್ಲಿ ಎರಡು ದಿನ ಮುಡುಕುತೊರೆಯಿಂದ ಕೆಲಸ ಮಾಡಲು ಅವರು ಮತ್ತೆ ಅರ್ಜಿ ಹಾಕಿದ್ದಾರೆ. ಅದು ತಮ್ಮ ಮುಂದಿದೆ. ದಯಮಾಡಿ ಸಹಿ ಹಾಕಿ. ಆ ಎರಡು ದಿನದಲ್ಲಿ ಒಂದು ದಿನ ಅವ್ವನನ್ನು ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ.

ಇಂತಿ ತಮ್ಮ ವಿಧೇಯ,
ಮುಡುಕುತೊರೆಯ ಒಬ್ಬ ತಾಯಿ