ಉಪಚಾರಶೂರರು

ಎಲೆಯ ಮೇಲೆ ಅಂಗೈ ಅಡ್ಡವಿಟ್ಟು "ಸಾಕು" ಎಂದವನ ಬೆರಳ ಸಂದಿಯಿಂದಲೇ ಒಂದು ಸೌಟು ಪಾಯಸವನ್ನು ಇಳಿಸಬಲ್ಲ ಗೃಹಸ್ಥರು ನಮ್ಮಲ್ಲಿ ಊರಿಗೊಬ್ಬರಾದರೂ ಉಂಟು. ಸಾವನದುರ್ಗದ ತಪ್ಪಲಿನಲ್ಲಿ, ವೀರಭದ್ರಸ್ವಾಮಿಯ ಗುಡಿಯ ಗಂಟೆ ಕೇಳಿಸುವಷ್ಟು ದೂರದಲ್ಲಿ ತೋಟ ಮಾಡಿಕೊಂಡು, ನಿವೃತ್ತಿವೇತನದ ಬಹುಪಾಲನ್ನು ಪರರ ಉದರಕ್ಕೆ ಅರ್ಪಿಸುತ್ತ ಬಂದಿರುವ ನಮ್ಮ ರಾಯರು ಆ ಗಣದ ಅಗ್ರಗಣ್ಯರು. ಮಧುಮೇಹವೆಂದರೆ, "ಹೋಳಿಗೆಗೆ ಬೆಲ್ಲ ಕಡಿಮೆಯೇ ಹಾಕಿಸಿದ್ದೇನೆ" ಎನ್ನುವರು. ಏಕಾದಶಿಯೆಂದರೆ, ಫಲಾಹಾರದ ಹೆಸರಿನಲ್ಲಿ ದ್ವಾದಶಿಯ ಹಸಿವನ್ನೂ ಅಂದೇ ಕೊಲ್ಲುವರು.

ಇಂಥವರ ಮನೆಗೆ ಉಣ್ಣಲೊಲ್ಲದ ಅತಿಥಿಯೊಂದು ಬಂದು ಸೇರಿದ್ದು ದೈವದ ವಿನೋದವೇ ಸರಿ. ವಿದೇಶಕ್ಕೆ ಹೊರಟ ಮಗನು, 2024ರ ನಿಯಮಗಳಿಗೆ ಅನುಸಾರವಾಗಿ ಸರ್ಕಾರದ ಪರಿವೇಶ್ ತಾಣದಲ್ಲಿ ನೋಂದಾಯಿಸಿದ್ದ ತನ್ನ ಬಾಲ್ ಪೈಥಾನನ್ನು ಗಾಜಿನ ಪೆಟ್ಟಿಗೆಯ ಸಮೇತ ತಂದೆಯ ವಶಕ್ಕೆ ಒಪ್ಪಿಸಿದನು. ಬೆಟ್ಟದ ನಮ್ಮ ಹೆಬ್ಬಾವನ್ನು ಸಾಕುವುದು ಕಾನೂನಿನ ಪ್ರಕಾರ ಅಪರಾಧ. ಇದಾದರೋ ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯ ಜೀವ. ಗೆದ್ದಲ ಹುತ್ತದಲ್ಲಿಯೂ ಇಲಿಯ ಬಿಲದಲ್ಲಿಯೂ ಅಡಗಿದ್ದು, ಭಯವಾದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗಿ ಸುತ್ತಿಕೊಳ್ಳುವ ಪರಮ ಸಂಕೋಚದ ಪ್ರಾಣಿ. ರಾಯರ ಮುಖವನ್ನು ಕಂಡ ಕ್ಷಣವೇ ಅದು ಉಂಡೆಯಾಯಿತು.

ಈರುಳ್ಳಿಯೂ ಪ್ರವೇಶಿಸದ ಆ ಮನೆಯಲ್ಲಿ ಶೈತ್ಯೀಕರಿಸಿದ ಇಲಿಗಳಿಗಾಗಿ ಹಿತ್ತಿಲ ಜಗಲಿಯ ಮೇಲೆ ಪ್ರತ್ಯೇಕವಾದ ಫ್ರಿಡ್ಜೊಂದು ಬಂದಿತು. ರಾಯರು ಸ್ನಾನಾನಂತರ ಅತ್ತ ಹೋಗಕೂಡದೆಂದೂ, ಹೋದರೆ ಮತ್ತೊಮ್ಮೆ ಸ್ನಾನವಿಲ್ಲದೆ ಅಡುಗೆಮನೆಯ ಹೊಸ್ತಿಲು ದಾಟಕೂಡದೆಂದೂ ಅವರ ಮನೆಯವರು ಶಾಸನ ಹೊರಡಿಸಿದರು. ರಾಯರು ಮೂಗಿಗೆ ಪಂಚೆಯ ಸೆರಗು ಕಟ್ಟಿ, ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಹಾವಿನ ತುಟಿಯಂಚಿನ ಕುಳಿಗಳು ಕಾವನ್ನು ಗ್ರಹಿಸುತ್ತವೆಂಬುದನ್ನು ಓದಿಕೊಂಡಿದ್ದರಾದ್ದರಿಂದ ಮೈಯೆಲ್ಲ ಬೆಚ್ಚಗಾಯಿತೆಂದು ಖಚಿತಪಡಿಸಿಕೊಂಡು, ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯೊಳಗೆ ತೂಗಾಡಿಸುತ್ತ, "ಒಂದೇ ಒಂದು, ನನ್ನ ಸಲುವಾಗಿ" ಎಂದು ಪ್ರಾರ್ಥಿಸುವ ದೃಶ್ಯವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾವು ನಾಲಗೆಯನ್ನು ಎರಡು ಸಲ ಆಡಿಸಿ, ಮುಖ ತಿರುಗಿಸಿತು. ಬೆಳಗ್ಗೆ ಒಲ್ಲದ್ದನ್ನು ಸಂಜೆ, ಸಂಜೆ ಒಲ್ಲದ್ದನ್ನು ರಾತ್ರಿ ಮತ್ತೆ ನೀಡುವರು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ದಂಡು ದುರ್ಭೇದ್ಯವೆಂದು ಹೆಸರಾಗಿದ್ದ ಸಾವನದುರ್ಗದ ಕೋಟೆಯನ್ನೇ ಎರಡು ವಾರದೊಳಗೆ ಹಿಡಿದುಬಿಟ್ಟಿತು. ನಾಲ್ಕಡಿಯ ಪೆಟ್ಟಿಗೆಗೆ ರಾಯರು ಹಾಕಿದ ಮುತ್ತಿಗೆಯು ಮಾರ್ಗಶಿರದಲ್ಲಿ ಮೊದಲಾಗಿ ಮಾಘದವರೆಗೂ ನಡೆಯಿತು.

ಬೆನಿನ್ ದೇಶದ ಉಯಿಡಾ ಎಂಬ ಪಟ್ಟಣದಲ್ಲಿ ಈ ಹಾವುಗಳಿಗೆ ಗುಡಿಯೇ ಉಂಟೆಂದು ತಿಳಿದ ಮೇಲಂತೂ ಅವರ ಭಕ್ತಿ ಇಮ್ಮಡಿಸಿತು. ಆದರೆ ದೇವರು ಮುಟ್ಟದ ನೈವೇದ್ಯವನ್ನು ಪ್ರಸಾದವೆಂದು ಹಂಚಬಹುದು, ಇಲಿಯನ್ನು ಹಂಚುವುದೆಂತು?

ನೆರೆಯ ತೋಟದ ಗೌಡರು ಒಮ್ಮೆ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು: "ಅಲ್ಲಾ ಸ್ವಾಮಿ, ನಮ್ ಬೆಟ್ಟದ ಹೆಬ್ಬಾವ್ಗೆ ಯಾರ್ ಬಡುಸ್ತಾರೆ? ಹೊಟ್ಟೆ ಹಸುದ್ರೆ ತಾನೇ ತಿಂತದೆ, ಸುಮ್ಕಿರಿ."

ಬೆಂಗಳೂರಿನ ಪಶುವೈದ್ಯರು ಇದನ್ನೇ ವಿಸ್ತಾರವಾಗಿ ಹೇಳಿ ಶುಲ್ಕ ಪಡೆದರು. ಬೆಳೆದ ಬಾಲ್ ಪೈಥಾನು ತಿಂಗಳುಗಟ್ಟಲೆ ಉಪವಾಸವಿರಬಲ್ಲುದು. ಪೊರೆ ಬಿಡುವ ಮುನ್ನ, ಬೆದೆಯ ಕಾಲದಲ್ಲಿ, ಜಾಗ ಬದಲಾದಾಗ ಆಹಾರವನ್ನು ಒಲ್ಲೆನೆನ್ನುವುದು ಅದರ ಸಹಜಧರ್ಮ. ಬೆಟ್ಟದ ತಪ್ಪಲಿನ ಚಳಿಯೂ ಅದಕ್ಕೆ ಒಗ್ಗದು, ಆದುದರಿಂದ ಪೆಟ್ಟಿಗೆಯ ಒಂದು ಬದಿಯಲ್ಲಿ 32 ಡಿಗ್ರಿಯಷ್ಟು ಕಾವು ಇರತಕ್ಕುದು, ಮೈಗೆ ಒತ್ತುವಷ್ಟು ಇಕ್ಕಟ್ಟಾದ ಅಡಗುದಾಣವಿರತಕ್ಕುದು. ಇಷ್ಟನ್ನೂ ರಾಯರು ಶಿರಸಾ ವಹಿಸಿದರು. ಆದರೆ ವೈದ್ಯರು ಕಡೆಯಲ್ಲಿ, ತೂಕ ಇಳಿಯದಿರುವ ತನಕ ಚಿಂತೆಯಿಲ್ಲ, ಪದೇಪದೇ ಇಣುಕಿ ಒತ್ತಾಯಿಸುವುದರಿಂದಲೇ ಅದು ಬೆದರಿ ಉಪವಾಸವನ್ನು ಬೆಳೆಸುತ್ತಿದೆ, ಹತ್ತು ದಿನ ಇಲಿಯನ್ನು ತೋರಿಸಲೇಬೇಡಿ ಎಂದಾಗ, ಅವರ ಕಣ್ಣಲ್ಲಿ ನೀರಾಡಿತು. ಮನೆಯೊಳಗಿರುವವರನ್ನು "ಉಣ್ಣಿ" ಎನ್ನದೆ ಹತ್ತು ದಿನ! ತಕ್ಕಡಿಯಲ್ಲಿಟ್ಟು ನೋಡಿದರೆ ತೂಕ ಬಂದ ದಿನದಷ್ಟೇ ಇದ್ದಿತು. ರಾಯರಿಗೆ ಅದರಿಂದ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾದಂತೆ ತೋರಿತು.

ಉಪಚಾರವೆಂಬುದು ಒಂದೆಡೆ ಅಡ್ಡಗಟ್ಟಿದರೆ ಮತ್ತೊಂದೆಡೆ ಉಕ್ಕದೆ ಇರದಷ್ಟೆ. ಆ ಹತ್ತು ದಿನಗಳಲ್ಲಿ ಹಾವಿನ ಯೋಗಕ್ಷೇಮ ವಿಚಾರಿಸಲು ಹೋದವರೆಲ್ಲರೂ ಹಾವಿನ ಪಾಲನ್ನೂ ಉಂಡು ಬರಬೇಕಾಯಿತು. ನನಗೆ ನಾಲ್ಕನೆಯ ಹೋಳಿಗೆ ಬಿದ್ದಾಗ ನಾನೂ ಉಂಡೆಯಾಗಿ ಸುತ್ತಿಕೊಳ್ಳುವ ಸಾಧ್ಯತೆಯನ್ನು ಆಲೋಚಿಸಿದ್ದುಂಟು. ಗೌಡರಿಗಾದರೋ, ಒಳ್ಳೆಯ ಸಲಹೆ ಕೊಟ್ಟರೆಂಬ ಕೃತಜ್ಞತೆಯಿಂದ, ಎರಡು ಪಂಕ್ತಿಯಲ್ಲಿಯೂ ಕುಳಿತೇಳುವ ಗೌರವ ಪ್ರಾಪ್ತವಾಯಿತು. ಅವರು ಈಚೆಗೆ ರಾಯರ ಗೇಟಿನ ಮುಂದಿನ ರಸ್ತೆಯನ್ನು ತೊರೆದು, ಮೈಲಿಯಷ್ಟು ಸುತ್ತಾದರೂ ಚಿಂತೆಯಿಲ್ಲವೆಂದು, ಕಾಡಿನ ಅಂಚಿನ ಬಂಡಿದಾರಿಯಲ್ಲೇ ಓಡಾಡುತ್ತಿದ್ದಾರೆ.